ಸಿಂಹಳವನ್ನು ಎಚ್ಚರಿಸಿದ ಹಾರುವ ದೋಣಿ

1942ರ ಏಪ್ರಿಲ್ 4. ಇಂದಿನ ಶ್ರೀಲಂಕಾ, ಅಂದಿನ ಸಿಂಹಳದ ದಕ್ಷಿಣಕ್ಕೆ ನೂರಾರು ಮೈಲಿ ದೂರದ ಸಾಗರದ ಮೇಲೆ ‘ಕ್ಯಾಟಲಿನಾ’ ವಿಮಾನವೊಂದು ಗಸ್ತು ತಿರುಗುತ್ತಿತ್ತು. ಬೆಳಗಿನಿಂದ ನೀರಲ್ಲದೆ ಬೇರೇನೂ ಕಂಡಿರಲಿಲ್ಲ. ಇನ್ನೇನು ಮರಳಬೇಕು ಎನ್ನುವಾಗ ದಿಗಂತದಲ್ಲಿ ಕಪ್ಪು ಚುಕ್ಕೆಗಳು ಗೋಚರಿಸಿದವು.

ಕ್ಯಾಟಲಿನಾ ಒಂದು ‘ಹಾರುವ ದೋಣಿ’. ಅದರ ಒಡಲೇ ದೋಣಿಯ ಆಕಾರದ್ದು. ನೀರಿನಿಂದಲೇ ಮೇಲೇರಿ, ನೀರಿಗೇ ಇಳಿಯುತ್ತದೆ. ವೇಗ ಕಡಿಮೆಯಾದರೂ ಇಡೀ ದಿನ ಹಾರಬಲ್ಲದು. ಗಸ್ತಿಗೆ ಹೇಳಿ ಮಾಡಿಸಿದ್ದು, ಕಾಳಗಕ್ಕಲ್ಲ.

ಈ ವಿಮಾನ ಕೆನಡಾದ 413ನೇ ಸ್ಕ್ವಾಡ್ರನ್‌ಗೆ ಸೇರಿದ್ದು. 1941ರಲ್ಲಿ ಸ್ಕಾಟ್ಲೆಂಡಿನಲ್ಲಿ ರಚನೆಯಾದ ಈ ದಳವನ್ನು ಜಪಾನಿನ ಮುನ್ನಡೆಯ ಭೀತಿಯಿಂದ ಗಾಲೆ ಸಮೀಪದ ಕೊಗ್ಗಲ ಸರೋವರಕ್ಕೆ ಕಳುಹಿಸಲಾಗಿತ್ತು. ನಾಯಕ ಲಿಯೊನಾರ್ಡ್ ಬರ್ಚಲ್ ಅಲ್ಲಿಗೆ ಬಂದು ಎರಡೇ ದಿನಗಳಾಗಿದ್ದವು.

ಬರ್ಚಲ್ ಹತ್ತಿರ ಹೋಗಿ ನೋಡಿದಾಗ ಕಂಡದ್ದು ಅಡ್ಮಿರಲ್ ನಗುಮೊನ ನೌಕಾಬಲ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರ್ ಮೇಲೆ ಎರಗಿದ್ದು ಇದೇ ನಾಯಕನ ಪಡೆ. ವೈರ್‌ಲೆಸ್‌ನಲ್ಲಿ ಸಂದೇಶ ಹೋಗುತ್ತಿರುವಾಗಲೇ ‘ಜೀರೋ’ ವಿಮಾನಗಳು ಮುತ್ತಿದವು. ಕ್ಯಾಟಲಿನಾ ಕಡಲಿಗೆ ಬಿತ್ತು. ಒಂಬತ್ತು ಮಂದಿಯಲ್ಲಿ ಮೂವರು ಅಸುನೀಗಿದರು; ಉಳಿದ ಆರು ಮಂದಿ ಸೆರೆಯಾದರು.

ಮರುದಿನ ಈಸ್ಟರ್ ಭಾನುವಾರ ಕೊಲಂಬೊ ಮೇಲೆ ಬಾಂಬ್ ದಾಳಿ ನಡೆಯಿತು. ಮುನ್ಸೂಚನೆ ದೊರೆತಿದ್ದರಿಂದ ಬಂದರಿನಲ್ಲಿದ್ದ ಅನೇಕ ಹಡಗುಗಳು ಪಾರಾಗಿದ್ದವು. ಆದರೆ ಎಚ್ಚರಿಕೆಯೊಂದೇ ಸಾಲಲಿಲ್ಲ. ರತ್ಮಲಾನದ ಯುದ್ಧವಿಮಾನಗಳು ಮೇಲೇರುವ ಮೊದಲೇ ದಾಳಿಕಾರರು ತಲೆಯ ಮೇಲಿದ್ದರು. ಕಡಲಲ್ಲಿದ್ದ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಎರಡು ಬ್ರಿಟಿಷ್ ಸಮರನೌಕೆಗಳು ಮುಳುಗಿ ನಾನೂರಕ್ಕೂ ಹೆಚ್ಚು ನಾವಿಕರು ಮಡಿದರು. ಏಪ್ರಿಲ್ 9ರಂದು ಟ್ರಿಂಕೋಮಲಿಯ ಸರದಿ. ಅಂದು ಶತ್ರುವನ್ನು ಪತ್ತೆಹಚ್ಚಿದ ಇದೇ ದಳದ ಮತ್ತೊಂದು ಕ್ಯಾಟಲಿನಾದಿಂದ ಒಬ್ಬರೂ ಮರಳಲಿಲ್ಲ.

ಈ ವಿಮಾನಗಳಿಗೂ ಕರ್ನಾಟಕಕ್ಕೂ ನಂಟುಂಟು. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕ್ಯಾಟಲಿನಾಗಳ ದುರಸ್ತಿ ನಡೆಯುತ್ತಿತ್ತು. ಅವು ಬಂದಿಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ನೀರಿಗೆ.

ಬರ್ಚಲ್ ಜಪಾನಿನ ಸೆರೆಯಿಂದ ಬಿಡುಗಡೆಯಾದದ್ದು 1945ರಲ್ಲಿ. ‘ಸಿಂಹಳದ ರಕ್ಷಕ’ ಎಂಬ ಬಿರುದು ಅವರಿಗೆ ಸಂದಿತು. 2004ರಲ್ಲಿ ಅವರು ನಿಧನರಾದರು. 1945ರಲ್ಲೇ ವಿಸರ್ಜನೆಗೊಂಡ 413ನೇ ದಳ ಮುಂದೆ ಕೆನಡಾದಲ್ಲಿ ಮತ್ತೆ ರೂಪುಗೊಂಡು, ಕಡಲಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಹುಡುಕಿ ಕಾಪಾಡುವ ಕಾಯಕಕ್ಕೆ ತೊಡಗಿತು.