ಹವಾನಾದ ಚೌಕದಲ್ಲಿ ಅತಿಥಿಗಳು ಕಂಡದ್ದು

ಕ್ಯೂಬಾ ದ್ವೀಪಕ್ಕೆ ಹೋಗಿಬಂದವರ ಬರಹಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದಿದರೆ, ಇವರೆಲ್ಲರೂ ಒಂದೇ ದೇಶಕ್ಕೆ ಹೋಗಿದ್ದರೇ ಎಂಬ ಸಂಶಯ ಹುಟ್ಟುತ್ತದೆ. ಅಲ್ಲಿನ ಜನರು ತಮ್ಮ ಸರಕಾರವನ್ನು ಮನಸಾರೆ ಪ್ರೀತಿಸುತ್ತಾರೆ ಎಂದು ಒಬ್ಬರು ಬರೆದರೆ, ಬಾಯಿ ತೆರೆಯಲೂ ಹೆದರುತ್ತಾರೆ ಎಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರನ್ನೂ ಸುಳ್ಳುಗಾರರೆನ್ನುವಂತಿಲ್ಲ. ಜನರು ಆರಿಸದ ಸರಕಾರವೊಂದಕ್ಕೆ ಜನರ ಬೆಂಬಲವೆಷ್ಟು ಎಂಬುದನ್ನು ಹೊರಗಿನಿಂದ ಬಂದ ಅತಿಥಿ ಅಳೆಯುವುದಾದರೂ ಹೇಗೆ? ಈ ಪ್ರಶ್ನೆ ನಮ್ಮ ಧರ್ಮಸಭೆಗೂ ಸಂಬಂಧಿಸಿದ್ದು. 1998, 2012 ಮತ್ತು 2015ರಲ್ಲಿ ಮೂವರು ಜಗದ್ಗುರುಗಳು ಆ ದ್ವೀಪದ ಅತಿಥಿಗಳಾಗಿದ್ದರು.

1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೋ ಅವರ ಕ್ರಾಂತಿ ಗೆದ್ದಾಗ ಜನರ ಹರ್ಷ ನಿಜವಾದದ್ದೇ ಆಗಿತ್ತು. ಸರ್ವಾಧಿಕಾರಿ ಬಟಿಸ್ಟಾ ಓಡಿಹೋಗಿದ್ದನು. ಮಾತು ಕೊಟ್ಟಿದ್ದ ಚುನಾವಣೆ ಮಾತ್ರ ಬರಲಿಲ್ಲ, 'ಚುನಾವಣೆ ಏತಕ್ಕೆ?' ಎಂಬುದೇ ಒಂದು ಘೋಷಣೆಯಾಯಿತು. 1960ರ ಸೆಪ್ಟೆಂಬರ್ 2ರಂದು ಹವಾನಾದ ಮಹಾಚೌಕದಲ್ಲಿ ಸೇರಿದ್ದ ಲಕ್ಷಾಂತರ ಜನರನ್ನೇ 'ರಾಷ್ಟ್ರೀಯ ಮಹಾಸಭೆ' ಎಂದು ಕರೆದು, ಅವರು ಎತ್ತಿದ ಕೈಗಳನ್ನೇ ಮತವೆಂದು ಎಣಿಸಿ, ಘೋಷಣಾಪತ್ರವೊಂದನ್ನು ಅಂಗೀಕರಿಸಲಾಯಿತು. 1976ರವರೆಗೆ ರಾಷ್ಟ್ರಮಟ್ಟದ ಶಾಸನಸಭೆಯೇ ಇರಲಿಲ್ಲ. ಬಳಿಕ ಬಂದ ಸಭೆಯ ಚುನಾವಣೆಯಲ್ಲಿಯೂ ಸ್ಥಾನಗಳಿರುವಷ್ಟೇ ಅಭ್ಯರ್ಥಿಗಳು: 2023ರಲ್ಲಿ 470 ಸ್ಥಾನಗಳಿಗೆ 470 ಮಂದಿ.

ಚೌಕ ತುಂಬಿದ್ದನ್ನು ಕಂಡು ಮರುಳಾದವರಲ್ಲಿ ಸಾಮಾನ್ಯರಷ್ಟೇ ಇರಲಿಲ್ಲ. ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಮತ್ತು ಲೇಖಕಿ ಸಿಮೋನ್ ದ ಬೊವ್ವಾ 1960ರಲ್ಲಿ ಅಲ್ಲಿಗೆ ಹೋಗಿ ಮೆಚ್ಚುಗೆಯ ಮಾತುಗಳನ್ನು ಹೊತ್ತು ತಂದರು. 1971ರಲ್ಲಿ ಕವಿ ಪದಿಲ್ಲಾ ಅವರನ್ನು ಬಂಧಿಸಿ, ಅವರಿಂದ ಬಹಿರಂಗ ತಪ್ಪೊಪ್ಪಿಗೆ ಮಾಡಿಸಿದಾಗ, ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದವರಲ್ಲಿ ಇವರಿಬ್ಬರೂ ಇದ್ದರು. ನಿಕರಾಗುವಾದ ಕವಿ-ಯಾಜಕ ಎರ್ನೆಸ್ತೊ ಕಾರ್ದೆನಾಲ್ 1970ರಲ್ಲಿ ಕ್ಯೂಬಾಕ್ಕೆ ಹೋಗಿ, ಬಡವರ ಕುರಿತಾದ ಸುವಾರ್ತೆ ಅಲ್ಲಿ ನಡೆಯುತ್ತಿದೆಯೆಂದು ಭಾವಿಸಿದರು. ಆದರೆ ಅವರ ಪುಸ್ತಕದಲ್ಲಿ ಕಥೋಲಿಕ ಯುವಕರ ದೂರುಗಳೂ ದಾಖಲಾಗಿವೆ. ಮೆಚ್ಚುವ ಕಣ್ಣುಳ್ಳವರು ಕಿವಿಯನ್ನೂ ತೆರೆದಿಟ್ಟಿದ್ದು ಅಪರೂಪ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಮೆಚ್ಚುವುದಕ್ಕೆ ಕಾರಣಗಳಿರಲಿಲ್ಲವೆಂದಲ್ಲ. 1961ರ ಒಂದೇ ವರ್ಷದಲ್ಲಿ ಸಹಸ್ರಾರು ಹದಿಹರೆಯದವರು ಲಾಟೀನು ಹಿಡಿದು ಹಳ್ಳಿಗಾಡಿಗೆ ಹೋಗಿ ರೈತರಿಗೆ ಅಕ್ಷರ ಕಲಿಸಿದರು. ಬಡವನ ಮಗುವಿಗೂ ವೈದ್ಯರು ದೊರೆತರು. ಅಮೆರಿಕದ ವ್ಯಾಪಾರ ನಿರ್ಬಂಧವು ದ್ವೀಪದ ಸ್ವಾಭಿಮಾನವನ್ನು ಕೆರಳಿಸಿತು. ಜಗದ್ಗುರುಗಳೂ ಆ ನಿರ್ಬಂಧವನ್ನು ಖಂಡಿಸಿದ್ದಾರೆ. ಓದು ಕಲಿಸಿದ ಸರಕಾರಕ್ಕೆ ಮುದುಕಿಯೊಬ್ಬಳು ಕೃತಜ್ಞಳಾಗಿದ್ದರೆ ಅದನ್ನು ನಾಟಕವೆನ್ನಲು ನಾವು ಯಾರು?

ಆದರೆ ಅದೇ ಮುದುಕಿಯ ಬೀದಿಯಲ್ಲಿ 1960ರಿಂದಲೂ 'ಕ್ರಾಂತಿ ರಕ್ಷಣಾ ಸಮಿತಿ' ಇದೆ. ಯಾರ ಮನೆಗೆ ಯಾರು ಬಂದರು, ಮೆರವಣಿಗೆಗೆ ಯಾರು ಬರಲಿಲ್ಲ ಎಂಬುದರ ಮೇಲೆ ಅದಕ್ಕೆ ಕಣ್ಣು. 2016ರ ನವೆಂಬರ್‌ನಲ್ಲಿ ಕ್ಯಾಸ್ಟ್ರೋ ತೀರಿಕೊಂಡಾಗ ಅವರ ಚಿತಾಭಸ್ಮ ಹವಾನಾದಿಂದ ಸಾಂಟಿಯಾಗೊದವರೆಗೆ ಸಾಗಿದ ದಾರಿಯುದ್ದಕ್ಕೂ ಜನ ನಿಂತಿದ್ದರು, ಅನೇಕರು ಅತ್ತರು. ಅದೇ ದಿನಗಳಲ್ಲಿ ಊರೂರಿನಲ್ಲಿ ಕ್ರಾಂತಿನಿಷ್ಠೆಯ ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿಸಿಕೊಳ್ಳಲಾಯಿತು. ಯಾವ ಕಣ್ಣೀರು ತಾನಾಗಿ ಬಂದದ್ದು, ಯಾವ ಸಹಿ ಅಂಜಿ ಹಾಕಿದ್ದು? ಕೆಲವೇ ದಿನ ತಂಗುವ ಅತಿಥಿಗೆ ಅದು ತಿಳಿಯದು. ಒಂದೇ ಮನೆಯಲ್ಲಿ, ಒಂದೇ ಹೃದಯದಲ್ಲಿ ಎರಡೂ ಇರಬಹುದು. ಲಾರಿಗಳಲ್ಲಿ ಜನ ತುಂಬಿಸಿ ತಂದ ಚುನಾವಣಾ ಸಭೆಗಳನ್ನು ನಾವೂ ಕಂಡಿದ್ದೇವೆ. ಆದರೆ ನಮ್ಮಲ್ಲಿ ಆ ಲಾರಿ ಇಳಿದವನಿಗೆ ಮತಗಟ್ಟೆಯ ಪರದೆಯ ಹಿಂದೆ ಬೇರೊಂದು ಪಕ್ಷದ ಚಿಹ್ನೆಯೂ ಇರುತ್ತದೆ.

ಕ್ಯೂಬಾದ ಧರ್ಮಸಭೆಗೆ ಆ ಚೌಕದ ಪರಿಚಯ ಹಳೆಯದು. 1959ರ ನವೆಂಬರ್‌ನಲ್ಲಿ ಎಲ್ ಕೋಬ್ರೆಯ ದಯಾಮಾತೆ ಮರಿಯಮ್ಮನವರ ಸ್ವರೂಪವನ್ನು ಅಲ್ಲಿಗೆ ತಂದಾಗ ಲಕ್ಷಾಂತರ ಭಕ್ತರು ನೆರೆದಿದ್ದರು. ಕ್ಯಾಸ್ಟ್ರೋ ಸಹ ಬಂದಿದ್ದರು. ಎರಡು ವರ್ಷ ತುಂಬುವ ಮೊದಲೇ ಕಥೋಲಿಕ ಶಾಲೆಗಳು ಸರಕಾರದ ವಶವಾದವು. 1961ರ ಸೆಪ್ಟೆಂಬರ್‌ನಲ್ಲಿ 130ಕ್ಕೂ ಹೆಚ್ಚು ಯಾಜಕರನ್ನೂ ಧಾರ್ಮಿಕರನ್ನೂ 'ಕೊವದೊಂಗಾ' ಹಡಗಿಗೇರಿಸಿ ದೇಶದಿಂದ ಹೊರಹಾಕಲಾಯಿತು. ಮುಂದೆ ಹವಾನಾದ ಕಾರ್ಡಿನಲ್ ಆದ ಹೈಮೆ ಒರ್ಟೇಗಾ ಅವರೂ ತರುಣ ಯಾಜಕರಾಗಿದ್ದಾಗ ಕಡ್ಡಾಯ ದುಡಿಮೆಯ ಶಿಬಿರದಲ್ಲಿದ್ದವರು. 1969ರಿಂದ ಕ್ರಿಸ್ತಜಯಂತಿಗೆ ರಜೆಯೂ ಇಲ್ಲವಾಯಿತು.

ಆದ್ದರಿಂದಲೇ 1998ರ ಜನವರಿ 25 ಮರೆಯಲಾಗದ ದಿನ. ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರು ಅದೇ ಚೌಕದಲ್ಲಿ ಬಲಿಪೂಜೆ ಅರ್ಪಿಸಿದರು. ಒಂದು ಕಡೆ ಚೆ ಗೆವಾರರ ಬೃಹತ್ ಚಿತ್ರ, ಇನ್ನೊಂದು ಕಡೆ ಯೇಸುವಿನ ಪವಿತ್ರ ಹೃದಯದ ಬೃಹತ್ ಚಿತ್ರ. ಮುಂದಿನ ಸಾಲಿನಲ್ಲಿ ಕ್ಯಾಸ್ಟ್ರೋ. ಚೌಕಗಳನ್ನು ತುಂಬಿರಿ, ಅತಿಥಿಯನ್ನು ಗೌರವಿಸಿರಿ ಎಂದು ದೂರದರ್ಶನದಲ್ಲಿ ಜನರಿಗೆ ಹೇಳಿದ್ದವರು ಅವರೇ! ಅಂದಿನ ಜನಸಾಗರದಲ್ಲಿ ಭಕ್ತರೆಷ್ಟು, ಕುತೂಹಲಿಗಳೆಷ್ಟು, ಹೇಳಿಸಿಕೊಂಡು ಬಂದವರೆಷ್ಟು ಎಂದು ಲೆಕ್ಕ ಹಾಕುವಂತಿರಲಿಲ್ಲ. ಆದರೆ ಜಗದ್ಗುರುಗಳು ಸ್ವಾತಂತ್ರ್ಯದ ಬಗ್ಗೆ ಮಾತನಾಡುತ್ತಿದ್ದಂತೆ ಯಾರೂ ಬರೆದುಕೊಡದ ಘೋಷಣೆಯೊಂದು ಜನರ ನಡುವಿನಿಂದ ಎದ್ದಿತು: ಪೋಪ್ ಸ್ವತಂತ್ರರು, ನಮ್ಮೆಲ್ಲರನ್ನೂ ಸ್ವತಂತ್ರರಾಗಿ ಕಾಣಬಯಸುತ್ತಾರೆ! ಕೊನೆಯಲ್ಲಿ ಬೀಸಿದ ಗಾಳಿಯನ್ನು ಕಂಡು, ಗಾಳಿ ಪವಿತ್ರಾತ್ಮರ ಸಂಕೇತವೆಂದು ಅವರು ನೆನಪಿಸಿದರು.

ಅದರ ಹಿಂದಿನ ದಿನ ಸಾಂಟಿಯಾಗೊದಲ್ಲಿ ನಡೆದದ್ದು ಇನ್ನೂ ದಿಟ್ಟವಾದದ್ದು. ರಕ್ಷಣಾ ಮಂತ್ರಿ ರಾವುಲ್ ಕ್ಯಾಸ್ಟ್ರೋ ಎದುರಿಗಿದ್ದಂತೆಯೇ ಅಲ್ಲಿನ ಮಹಾಧರ್ಮಾಧ್ಯಕ್ಷ ಪೆದ್ರೊ ಮ್ಯೂರೀಸ್ ಅವರು, ತಾಯ್ನಾಡೆಂದರೆ ಒಂದು ಪಕ್ಷವೆಂದು ತಿಳಿದವರು ದೇಶದಲ್ಲಿ ಹೆಚ್ಚುತ್ತಿದ್ದಾರೆಂದು ಜಗದ್ಗುರುಗಳಿಗೆ ಅರಿಕೆ ಮಾಡಿದರು. ಅತಿಥಿಯೊಬ್ಬರು ಸ್ವಂತ ಕಣ್ಣಿನಿಂದ ಕಾಣಲಾಗದ್ದನ್ನು ಆ ಮನೆಯವರೇ ಹೇಳಿದ ಸಂದರ್ಭವದು. ಭೇಟಿಯ ಬಳಿಕ ಸುಮಾರು 300 ಕೈದಿಗಳು ಬಿಡುಗಡೆಯಾದರು. ಕ್ರಿಸ್ತಜಯಂತಿಯ ರಜೆ ಶಾಶ್ವತವಾಯಿತು. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಕೋರಿಕೆಯಿಂದ ಶುಭ ಶುಕ್ರವಾರವೂ ರಜಾದಿನವಾಯಿತು. ಆದರೆ ಅದೇ ಭೇಟಿಯಲ್ಲಿ, ಸಾಂಟಿಯಾಗೊದ ಬಲಿಪೂಜೆಗೆ ಮೊದಲು ಕಮ್ಯುನಿಸಂಗೆ ಧಿಕ್ಕಾರ ಕೂಗಿದ ಒಬ್ಬನನ್ನು ಹೊಡೆದು ಎಳೆದೊಯ್ದರು.

ಬೆಂಬಲವೆಷ್ಟೆಂದು ಜನರನ್ನೇ ಕೇಳೋಣ ಎಂದವರೂ ಒಬ್ಬರಿದ್ದರು. ಅವರು ಓಸ್ವಾಲ್ದೊ ಪಾಯಾ. ಹವಾನಾದ ಸೆರ್ರೊ ಬಡಾವಣೆಯ ಶ್ರೀಸಾಮಾನ್ಯ ಕಥೋಲಿಕರು, ಆಸ್ಪತ್ರೆಯ ಉಪಕರಣಗಳನ್ನು ದುರಸ್ತಿ ಮಾಡುವ ಇಂಜಿನಿಯರು. ಹತ್ತು ಸಾವಿರ ಮತದಾರರ ಸಹಿಯಿದ್ದರೆ ಪ್ರಜೆಗಳೂ ಕಾನೂನನ್ನು ಸೂಚಿಸಬಹುದೆಂದು ಸರಕಾರದ ಸಂವಿಧಾನವೇ ಹೇಳಿತ್ತು. ವಾಕ್ ಸ್ವಾತಂತ್ರ್ಯ, ರಾಜಕೀಯ ಕೈದಿಗಳ ಬಿಡುಗಡೆ, ಮುಕ್ತ ಚುನಾವಣೆ ಇವುಗಳ ಬಗ್ಗೆ ಜನಮತ ಸಂಗ್ರಹವಾಗಲಿ ಎಂದು ಅವರೂ ಗೆಳೆಯರೂ ಮನೆಮನೆಗೆ ಹೋದರು. ದೇಶಭಕ್ತ ಯಾಜಕ ಫೆಲಿಕ್ಸ್ ವರೇಲಾ ಅವರ ಹೆಸರನ್ನು ಆ ಯೋಜನೆಗೆ ಇಟ್ಟರು. 2002ರ ಮೇ 10ರಂದು 11,020 ಸಹಿಗಳನ್ನು ಶಾಸನಸಭೆಗೆ ಒಪ್ಪಿಸಿದರು. ನಾಲ್ಕು ದಿನಗಳ ಬಳಿಕ ಅತಿಥಿಯಾಗಿ ಬಂದಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇರ ಪ್ರಸಾರದ ಭಾಷಣದಲ್ಲಿ ಪ್ರಸ್ತಾಪಿಸಿದಾಗಲೇ ಬಹುಪಾಲು ಕ್ಯೂಬನ್ನರಿಗೆ ಈ ವಿಷಯ ತಿಳಿದದ್ದು.

ಸರಕಾರದ ಉತ್ತರ ಜೂನ್ ತಿಂಗಳಲ್ಲಿ ಬಂತು. ಸಮಾಜವಾದವನ್ನು ಬದಲಿಸಲಾಗದು ಎಂಬ ತಿದ್ದುಪಡಿಗೆ ಕೆಲವೇ ದಿನಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಸಹಿಗಳು! ಬೀದಿಬೀದಿಯ ಸಮಿತಿಗಳೇ ಮೇಜು ಹಾಕಿ ಕುಳಿತಿದ್ದವು. ಈ ಎರಡು ಸಹಿಪಟ್ಟಿಗಳನ್ನು ಅಂಕಿಯಿಂದ ತೂಗಿದರೆ ಸರಕಾರವೇ ಗೆದ್ದಿತೆನ್ನಬೇಕು. ಆದರೆ ಒಂದಕ್ಕೆ ಸಹಿ ಹಾಕದಿರುವುದಕ್ಕೆ ಧೈರ್ಯ ಬೇಕಿತ್ತು, ಇನ್ನೊಂದಕ್ಕೆ ಸಹಿ ಹಾಕುವುದಕ್ಕೆ ಧೈರ್ಯ ಬೇಕಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಬಂಧಿತರಾದ 75 ಮಂದಿಯಲ್ಲಿ ವರೇಲಾ ಯೋಜನೆಗಾಗಿ ದುಡಿದವರು ಅನೇಕರಿದ್ದರು. ಅವರ ಪತ್ನಿಯರೂ ತಾಯಂದಿರೂ ಬಿಳಿಯುಡುಗೆ ತೊಟ್ಟು, ಭಾನುವಾರದ ಬಲಿಪೂಜೆ ಮುಗಿಸಿ, ಸಂತ ರೀತಾ ದೇವಾಲಯದಿಂದ ಮೌನವಾಗಿ ನಡೆಯತೊಡಗಿದರು.

ಪಾಯಾ ಅವರು 2012ರ ಜುಲೈ 22ರಂದು ರಸ್ತೆಯಲ್ಲಿ ಕಾರು ಅಪಘಾತದಲ್ಲಿ ಮೃತರಾದರೆಂದು ಸರಕಾರ ಪ್ರಕಟಿಸಿತು. ಆ ಸಾವಿಗೆ ಕ್ಯೂಬಾ ಸರಕಾರವೇ ಹೊಣೆಯೆಂದು ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗ 2023ರಲ್ಲಿ ತೀರ್ಮಾನಿಸಿತು. ಅದಕ್ಕೆ ಮೊದಲೇ, 2021ರ ಜುಲೈ 11ರಂದು, ಕರೆಯದೆ ಬಂದ ಜನ ದ್ವೀಪದ ಹಲವಾರು ಊರುಗಳಲ್ಲಿ ಬೀದಿಗಿಳಿದಿದ್ದರು. ಬಂಧಿತರ ಸಂಖ್ಯೆ ಸಾವಿರ ದಾಟಿತು. 2025ರ ಆರಂಭದಲ್ಲಿ ವ್ಯಾಟಿಕನ್ನಿನ ಮಧ್ಯಸ್ಥಿಕೆಯಿಂದ 553 ಕೈದಿಗಳ ಬಿಡುಗಡೆಗೆ ಒಪ್ಪಂದವಾದಾಗ, ಹೊರಬಂದವರಲ್ಲಿ ಆ ಜುಲೈ ದಿನ ಬೀದಿಗಿಳಿದವರೂ ಇದ್ದರು.