ಗಡಿಯಾರ ಹೇಳುವ ವಿಳಾಸ

ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿರುತ್ತದೆ. ಬೀದರಿನಲ್ಲಿ 18 ಡಿಗ್ರಿ. ಹೆಚ್ಚುಕಡಿಮೆ ಆ ಎತ್ತರವೇ ಆಯಾ ಊರಿನ ಅಕ್ಷಾಂಶ. ಒಂದು ಡಿಗ್ರಿಗೆ ನೆಲದ ಮೇಲೆ ಸುಮಾರು 111 ಕಿ.ಮೀ. ಆಗುವುದರಿಂದ ಬೀದರ್ ಬೆಂಗಳೂರಿನಿಂದ ಉತ್ತರಕ್ಕೆ 550 ಕಿ.ಮೀ. ದೂರ. ಬಸ್ಸಿನ ದಾರಿ ಬೇರೆ ಮಾತು.

ಆದರೆ ಮಂಗಳೂರಿನಲ್ಲೂ ಧ್ರುವನ ಎತ್ತರ 13 ಡಿಗ್ರಿಯೇ, ಚೆನ್ನೈನಲ್ಲೂ ಅಷ್ಟೇ. ಈ ಮೂರು ಊರುಗಳನ್ನು ಬೇರ್ಪಡಿಸಿ ಹೇಳಲು ಧ್ರುವನಿಂದ ಆಗದು. ಅದಕ್ಕೆ ರೇಖಾಂಶ ಬೇಕು. ಅದು ಸಿಗುವುದು ಹೊತ್ತಿನ ಲೆಕ್ಕದಲ್ಲಿ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಡಿಗ್ರಿಗೆ 4 ನಿಮಿಷ. ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೇರಿದ ಸುಮಾರು 11 ನಿಮಿಷಕ್ಕೆ ಮಂಗಳೂರಿನಲ್ಲಿ ನಿಜವಾದ ನಡುಹಗಲು. ಅಷ್ಟು ದೂರದ ಬೀದರಿನಲ್ಲಿ ಮಾತ್ರ ಬೆಂಗಳೂರಿನ ಜೊತೆಜೊತೆಗೇ, ಏಕೆಂದರೆ ಎರಡೂ 77.5 ಡಿಗ್ರಿಯ ಆಸುಪಾಸಿನಲ್ಲಿವೆ. ದೇಶಕ್ಕೆಲ್ಲ 82.5 ಡಿಗ್ರಿಯ ಒಂದೇ ಗಂಟೆ ಹೊಂದಿಸಿಕೊಂಡ ನಮಗೆ ಇದು ಗೊತ್ತಾಗುವುದಿಲ್ಲ. ಪಂಚಾಂಗ ಬರೆಯುವವರು ಮರೆಯುವಂತಿಲ್ಲ.

ಹಾಗಾದರೆ ಇಲ್ಲಿ ನಿಂತು ಇನ್ನೊಂದೂರಿನ ಹೊತ್ತನ್ನು ತಿಳಿಯುವುದು ಹೇಗೆ? ನಮ್ಮ ಸಿದ್ಧಾಂತ ಜ್ಯೋತಿಷಿಗಳು ಚಂದ್ರಗ್ರಹಣವನ್ನು ಹಿಡಿದರು. ಭೂಮಿಯ ನೆರಳನ್ನು ಚಂದ್ರ ಹೊಗುವುದು ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಮೂಲವೆಂದು ಎಣಿಸಿದ ಉಜ್ಜಯಿನಿಯ ರೇಖೆಗೆ ಲೆಕ್ಕ ಹಾಕಿದ ಹೊತ್ತಿಗೂ ತಮ್ಮೂರಲ್ಲಿ ಕಂಡ ಹೊತ್ತಿಗೂ ಇರುವ ವ್ಯತ್ಯಾಸವೇ ದೇಶಾಂತರ. ಜಾಣ ಉಪಾಯ. ಆದರೆ ನಡುಗಡಲಿನಲ್ಲಿ ದಿಕ್ಕುಗೆಟ್ಟ ಹಡಗು ಗ್ರಹಣಕ್ಕಾಗಿ ಕಾಯುತ್ತ ಕೂರಲಾರದು.

1707ರಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ತಾವೆಲ್ಲಿದ್ದೇವೆಂದು ತಿಳಿಯದೆ ಸಿಲಿ ದ್ವೀಪಗಳ ಬಂಡೆಗೆ ಬಡಿದು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡಲಿನಲ್ಲಿ ರೇಖಾಂಶ ತಿಳಿಯುವ ದಾರಿ ತೋರಿಸಿದವರಿಗೆ 1714ರಲ್ಲಿ ಪಾರ್ಲಿಮೆಂಟು 20,000 ಪೌಂಡ್ ಬಹುಮಾನ ಸಾರಿತು. ಖಗೋಳಜ್ಞರು ಚಂದ್ರನ ಚಲನೆಯ ಕೋಷ್ಟಕಗಳನ್ನು ನೆಚ್ಚಿಕೊಂಡರೆ, ಬಡಗಿ ಜಾನ್ ಹ್ಯಾರಿಸನ್ ಗಡಿಯಾರವನ್ನು ನೆಚ್ಚಿದ. ಹೊರಟ ಬಂದರಿನ ಹೊತ್ತನ್ನು ಹಡಗಿನಲ್ಲೇ ಹೊತ್ತೊಯ್ದು, ಸೂರ್ಯ ತೋರಿಸುವ ಸ್ಥಳೀಯ ಹೊತ್ತಿನ ಜೊತೆ ಹೋಲಿಸಿದರೆ ಆಯಿತು. ಹೇಳಲು ಸುಲಭ, ಓಲಾಡುವ ಹಡಗಿನಲ್ಲಿ ಲೋಲಕ ನಡೆಯದು, ಸೆಕೆಗೆ ಲೋಹ ಹಿಗ್ಗುತ್ತದೆ. ಸಮಭಾಜಕದ ಬಳಿ ಗಡಿಯಾರ 4 ಸೆಕೆಂಡ್ ತಪ್ಪಿದರೂ ಹಡಗಿನ ಲೆಕ್ಕ 1.85 ಕಿ.ಮೀ. ತಪ್ಪುತ್ತದೆ.

ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿಯಿಂದ ಹ್ಯಾರಿಸನ್ ಶಾಖದ ಕಾಟವನ್ನು ಪಳಗಿಸಿದ. ಅವನ ನಾಲ್ಕನೆಯ ಯಂತ್ರ, ಸುಮಾರು 13 ಸೆಂ.ಮೀ. ಅಗಲದ ದಪ್ಪ ಜೇಬು ಗಡಿಯಾರದಂಥದ್ದು, 1761ರಲ್ಲಿ ಜಮೈಕಾಕ್ಕೆ ಹೊರಟಿತು. ತಲುಪಿದಾಗ ತಪ್ಪಿದ್ದು ಸುಮಾರು 5 ಸೆಕೆಂಡ್! ಆದರೂ ಬಹುಮಾನದ ತೀರ್ಪು ಕೊಡಬೇಕಿದ್ದ ಮಂಡಳಿಯವರು ತಕರಾರು ತೆಗೆಯುತ್ತಲೇ ಹೋದರು. ಬಾಕಿ ಹಣಕ್ಕಾಗಿ ಆತ ಎಂಬತ್ತರ ಇಳಿವಯಸ್ಸಿನವರೆಗೂ ಅಲೆಯಬೇಕಾಯಿತು. ಬಡಗಿಗೆ ಸೋಲುವುದು ವಿದ್ವಾಂಸರಿಗೆ ರುಚಿಸಲಿಲ್ಲವೆಂದೇ ನನ್ನ ಗುಮಾನಿ.

ಮೊಬೈಲಿನ ಜಿಪಿಎಸ್ ಕೂಡ ಗಡಿಯಾರವನ್ನೇ ನಂಬಿದೆ. ಉಪಗ್ರಹಗಳ ಪರಮಾಣು ಗಡಿಯಾರಗಳಿಂದ ಹೊರಟ ಸಂಕೇತ ಬರಲು ಹಿಡಿದ ಸಮಯದಿಂದ ದೂರ, ದೂರದಿಂದ ಜಾಗ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ವ್ಯತ್ಯಾಸ. ಮೊಬೈಲ್ ಹಿಡಿದು ಗ್ರೀನಿಚ್ಚಿಗೆ ಹೋದವರು, 1884ರಲ್ಲಿ ಸೊನ್ನೆ ರೇಖೆಯೆಂದು ಒಪ್ಪಿಕೊಂಡ ಗೆರೆಯ ಮೇಲೆ ನಿಂತು ಬೆರಗಾಗುತ್ತಾರೆ. ಪರದೆಯಲ್ಲಿ ಸೊನ್ನೆ ಬರಲು ಪೂರ್ವಕ್ಕೆ ಇನ್ನೂ 102 ಮೀಟರ್ ನಡೆಯಬೇಕು. ಆ ಗೆರೆಯನ್ನು ಗುರುತಿಸಿದ ಹಳೆಯ ದೂರದರ್ಶಕವನ್ನು ನೇರ ನಿಲ್ಲಿಸಿದ್ದು ಅಲ್ಲಿನ ಗುರುತ್ವಾಕರ್ಷಣೆಯ ಆಧಾರದಲ್ಲಿ. ಅದು ಭೂಕೇಂದ್ರದ ಕಡೆಗೆ ಸರಿಯಾಗಿ ಎಳೆಯುವುದಿಲ್ಲ. ಉಪಗ್ರಹಗಳ ಲೆಕ್ಕವಾದರೋ ಆ ಕೇಂದ್ರದಿಂದಲೇ ಶುರು.