ಒಂದೇ ಬಾರಿಗೆ ಉಳುಮೆ, ಬಿತ್ತನೆ: ಹಗುರ ಮಣ್ಣಿಗೆ ಒಪ್ಪುವ ಯಂತ್ರ ಹೇಗಿರಬೇಕು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ತುಮಕೂರು ಜಿಲ್ಲೆಯ ಪಾವಗಡ ಮೊದಲಾದ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯವು ಬಹುಮಟ್ಟಿಗೆ ಮರಳುಮಿಶ್ರಿತ ಕೆಂಪು ಭೂಮಿಯನ್ನು ಅವಲಂಬಿಸಿದೆ. ಉತ್ತರ ಕರ್ನಾಟಕದಲ್ಲಿ ಮಸಾರಿ ಎಂದು ಕರೆಯಲಾಗುವ ಈ ಹಗುರ ಮಣ್ಣಿನಲ್ಲಿ ಭೂಮಿಯ ಸಿದ್ಧತೆ, ಬಿತ್ತನೆ ಹಾಗೂ ಗೊಬ್ಬರ ಹಾಕುವಿಕೆ ಈ ಮೂರನ್ನೂ ಟ್ರ್ಯಾಕ್ಟರಿನ ಒಂದೇ ಓಡಾಟದಲ್ಲಿ ಮುಗಿಸುವ ಸಂಯುಕ್ತ ಯಂತ್ರಗಳಿಗೆ ಅವಕಾಶವಿದೆ. ರೋಟಾವೇಟರ್ ಅಥವಾ ಕಲ್ಟಿವೇಟರಿನ ಮೇಲೆ ಬೀಜದ ಪೆಟ್ಟಿಗೆಯನ್ನು ಕೂರಿಸಿದರೆ ಯಂತ್ರ ಸಿದ್ಧವಾಯಿತೆಂದು ಭಾವಿಸುವ ತಯಾರಕರೂ ಇದ್ದಾರೆ. ವಾಸ್ತವದಲ್ಲಿ ಇಂತಹ ಯಂತ್ರದ ಯಶಸ್ಸು ಮುಂದಿನ ಉಳುಮೆಯ ಭಾಗಕ್ಕಿಂತ ಹಿಂದೆ ಮಣ್ಣನ್ನು ಒತ್ತುವ ಭಾಗವನ್ನೇ ಹೆಚ್ಚು ಅವಲಂಬಿಸಿದೆ.

ಕಲ್ಪನೆಯೇನೂ ಹೊಸತಲ್ಲ. ನೇಗಿಲ ಹಿಂದೆ ನಡೆಯುತ್ತಾ ಸಾಲಿನಲ್ಲಿ ಶೇಂಗಾ ಬೀಜ ಬಿಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅದರ ಹಿಂದಿನ ತಿಳಿವಳಿಕೆಯೂ ಸ್ಪಷ್ಟವಾಗಿದೆ. ಹಗುರ ಮಣ್ಣು ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ಮಗುಚಿದ ಮಣ್ಣು ಗಾಳಿ ಬಿಸಿಲಿಗೆ ತೆರೆದುಕೊಂಡಷ್ಟು ಹೊತ್ತೂ ಬೀಜಕ್ಕೆ ಬೇಕಾದ ತೇವ ಆವಿಯಾಗುತ್ತಿರುತ್ತದೆ. ಉತ್ತು ಒಂದೆರಡು ದಿನ ಬಿಟ್ಟು ಬಿತ್ತುವವನು ಮಳೆಯ ಒಂದು ಪಾಲನ್ನು ಕೈಯಾರೆ ಬಿಟ್ಟುಕೊಟ್ಟಂತೆಯೇ ಸರಿ. ಎರೆ ಭೂಮಿಯಲ್ಲಿ ಉಳುಮೆಯಿಂದ ಎದ್ದ ಹೆಂಟೆಗಳು ಒಣಗಿ, ನೆನೆದು ಒಡೆಯಲು ಕಾಲಾವಕಾಶ ಬೇಕು. ಹದವಿದ್ದಾಗ ಉತ್ತ ಮಸಾರಿಯಲ್ಲಿ ಮಣ್ಣು ಆ ಕ್ಷಣದಲ್ಲಿಯೇ ಪುಡಿಯಾಗುವುದರಿಂದ ಕಾಯುವ ಅಗತ್ಯವಿಲ್ಲ.

ಮುಂಗಾರು ಮಳೆ ಬಿದ್ದ ಮೇಲೆ ಈ ನೆಲದಲ್ಲಿ ಹದ ನಿಲ್ಲುವುದು ಎರಡು ಮೂರು ದಿನ ಮಾತ್ರ. ಆದುದರಿಂದ ಯಂತ್ರದ ಲಾಭವನ್ನು ಡೀಸೆಲ್ ಉಳಿತಾಯದಿಂದ ಮಾತ್ರ ಅಳೆಯಲಾಗದು. 1.8 ಮೀಟರ್ ಅಗಲದ ಯಂತ್ರವು ಗಂಟೆಗೆ 4 ಕಿ.ಮೀ. ವೇಗದಲ್ಲಿ ಚಲಿಸಿದರೆ ಲೆಕ್ಕದ ಪ್ರಕಾರ 0.72 ಹೆಕ್ಟೇರ್ ಆವರಿಸಬೇಕು. ತಿರುವು, ಬೀಜ ತುಂಬುವಿಕೆ ಮುಂತಾದವುಗಳಿಗೆ ಶೇ. 30ನ್ನು ಕಳೆದರೆ ಗಂಟೆಗೆ ಒಂದೂಕಾಲು ಎಕರೆ, ಹತ್ತು ಗಂಟೆಗಳ ದಿನಕ್ಕೆ ಸುಮಾರು 12 ಎಕರೆ ಆಗುತ್ತದೆ. ಅದೇ ಟ್ರ್ಯಾಕ್ಟರ್ ಎರಡು ಬಾರಿ ಕಲ್ಟಿವೇಟರ್, ಒಂದು ಬಾರಿ ಕೂರಿಗೆ ಎಂದು ಮೂರು ಸಲ ಹೊಲ ಸುತ್ತಬೇಕಾದಲ್ಲಿ, ವೇಗ ಹೆಚ್ಚಿದ್ದರೂ ದಿನಕ್ಕೆ 8 ಎಕರೆ ದಾಟುವುದು ಕಷ್ಟ. ಮೂರು ದಿನಗಳ ಹದದಲ್ಲಿ ಈ ಅಂತರ 12 ಎಕರೆಯಾಗುತ್ತದೆ. ಬಾಡಿಗೆಗೆ ಯಂತ್ರ ಓಡಿಸುವವರು ಬೆಲೆ ಕೇಳುವ ಮುನ್ನ ಈ ಲೆಕ್ಕವನ್ನೇ ಕೇಳುತ್ತಾರೆ.

ತಯಾರಿಕೆಯಲ್ಲಿ ಗಮನಿಸಬೇಕಾದುದು

ಸಡಿಲವಾದ ಮಣ್ಣಿನಲ್ಲಿ ಬೀಜದ ಸುತ್ತ ಗಾಳಿಯ ಪೊಳ್ಳು ಉಳಿಯುತ್ತದೆ. ಕೆಳಗಿನ ಪದರದ ತೇವವು ಬೀಜಕ್ಕೆ ಏರಿಬರಬೇಕಾದರೆ ಮಣ್ಣಿನ ಕಣಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಬಿತ್ತಿದ ಮೇಲೆ ಕೊರಡು ಎಳೆಯುವ ನಮ್ಮ ಹಿರಿಯರ ಕ್ರಮದ ಉದ್ದೇಶ ಇದೇ ಆಗಿತ್ತು. ಹೀಗಾಗಿ ಪ್ರತಿ ಸಾಲಿನ ಹಿಂದೆ ಒತ್ತುಚಕ್ರವಾಗಲಿ, ಇಡೀ ಅಗಲಕ್ಕೆ ಒಂದು ರೋಲರ್ ಆಗಲಿ ಅನಿವಾರ್ಯ. ಬೆಲೆ ಇಳಿಸುವ ಸಲುವಾಗಿ ಇದನ್ನು ಕೈಬಿಟ್ಟ ಯಂತ್ರದಿಂದ ಬಿತ್ತಿದ ಹೊಲದಲ್ಲಿ ಮೊಳಕೆ ಅಲ್ಲಲ್ಲಿ ತಪ್ಪಿದರೆ ದೂರು ಬರುವುದು ಬೀಜ ಮಾರಿದ ಅಂಗಡಿಗೆ. ಸಾಲುಗಳ ಮೇಲಷ್ಟೇ ಒತ್ತುವ ಚಕ್ರಗಳು ನಡುವಿನ ಮಣ್ಣನ್ನು ಸಡಿಲವಾಗಿಯೇ ಬಿಡುವುದರಿಂದ ಮುಂದಿನ ಮಳೆ ಅಲ್ಲಿ ಇಂಗುತ್ತದೆ. ಈ ಕಾರಣದಿಂದ ಅವುಗಳನ್ನೇ ಆರಿಸುವುದು ಲೇಸು ಎಂಬುದು ಈ ಲೇಖಕನ ಅಭಿಪ್ರಾಯ.

ಎರಡನೆಯದಾಗಿ, ಮಣ್ಣನ್ನು ಎಷ್ಟು ಪುಡಿ ಮಾಡಬೇಕೆಂಬ ಪ್ರಶ್ನೆ. ಕೆಂಪು ಮಣ್ಣಿಗೆ ಒಂದು ದುರ್ಗುಣವಿದೆ. ಅತಿಯಾಗಿ ನುಣುಪಾದ ಮೇಲ್ಮೈಯ ಮೇಲೆ ಬಿರುಮಳೆ ಬಿದ್ದು ಬಿಸಿಲು ಬಂದರೆ ಹೆಪ್ಪುಗಟ್ಟಿ ಗಟ್ಟಿ ಪದರವಾಗುತ್ತದೆ. ರಾಗಿಯಂತಹ ಸಣ್ಣ ಬೀಜದ ಮೊಳಕೆಗೆ ಅದನ್ನು ಭೇದಿಸುವ ಶಕ್ತಿಯಿಲ್ಲ. ಪೂರ್ಣ ಅಗಲಕ್ಕೆ ವೇಗವಾಗಿ ತಿರುಗುವ ರೋಟಾವೇಟರ್ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಬಿತ್ತುವ ಸಾಲನ್ನಷ್ಟೇ ಪಟ್ಟೆಯಾಗಿ ಸಡಿಲಿಸುವ ವಿನ್ಯಾಸವಾಗಲಿ, ತಾಳುಗಳಿಂದ ಉತ್ತು ಬಿತ್ತುವ ವಿನ್ಯಾಸವಾಗಲಿ ಮಸಾರಿಗೆ ಹೆಚ್ಚು ಒಪ್ಪುತ್ತದೆ. ಶಕ್ತಿಯ ಬೇಡಿಕೆಯೂ ಕಡಿಮೆ.

ಬೀಜ ಅಳೆದು ಬಿಡುವ ಭಾಗಕ್ಕೆ ಚಾಲನೆ ಎಲ್ಲಿಂದ ದೊರೆಯುತ್ತದೆ ಎಂಬುದು ಮೂರನೆಯ ವಿಷಯ. ನೆಲದ ಮೇಲೆ ಉರುಳುವ ಚಾಲಕ ಚಕ್ರವನ್ನು ಈಗಾಗಲೇ ಉತ್ತ ಸಡಿಲ ಮಣ್ಣಿನಲ್ಲಿ ಓಡಿಸಿದರೆ ಅದು ಜಾರುತ್ತದೆ. ಶೇ. 10ರಷ್ಟು ಜಾರಿದರೂ ಎಕರೆಗೆ 45 ಕೆ.ಜಿ. ಶೇಂಗಾ ಬೀಜ ಬೀಳಬೇಕಾದೆಡೆ ನಾಲ್ಕೂವರೆ ಕೆ.ಜಿ. ಕಡಿಮೆ ಬೀಳುತ್ತದೆ. ಚಕ್ರವನ್ನು ಮುಂಭಾಗದಲ್ಲಿ, ಇನ್ನೂ ಉಳದ ನೆಲದ ಮೇಲೆ ಉರುಳುವಂತೆ ಅಳವಡಿಸುವುದು ಸರಳ ಪರಿಹಾರ. ಕಾರ್ಖಾನೆಯ ಅಂಗಳದಲ್ಲಿ ಚಕ್ರ ತಿರುಗಿಸಿ ನೋಡಿದ ಅಳತೆಯನ್ನು ಹೊಲದಲ್ಲಿ ಮತ್ತೊಮ್ಮೆ ಪರೀಕ್ಷಿಸಿದ ಬಳಿಕವೇ ಯಂತ್ರವನ್ನು ಗ್ರಾಹಕರಿಗೆ ಒಪ್ಪಿಸುವುದು ಉತ್ತಮ. ಶೇಂಗಾ ಬೀಜದ ಸಿಪ್ಪೆ ಸುಲಿದರೆ ಅಥವಾ ಬೇಳೆ ಸೀಳಿದರೆ ಮೊಳೆಯುವುದಿಲ್ಲ. ಆದುದರಿಂದ ಅದಕ್ಕೆ ಕುಳಿಗಳುಳ್ಳ ಓರೆ ತಟ್ಟೆಯೇ ಸೂಕ್ತ. ರಾಗಿಗೆ ತೋಡುಗಳುಳ್ಳ ಸಣ್ಣ ಉರುಳೆ ಸಾಕು. ಎರಡಕ್ಕೂ ಒಂದೇ ವ್ಯವಸ್ಥೆಯೆಂದು ಮಾರುವುದು ಗ್ರಾಹಕನಿಗೂ ತಯಾರಕನಿಗೂ ಹಿತವಲ್ಲ. ಬಿತ್ತನೆಯ ಆಳವೂ ಬೇರೆ: ಶೇಂಗಾ ಸುಮಾರು 5 ಸೆಂ.ಮೀ., ರಾಗಿ 2ರಿಂದ 3 ಸೆಂ.ಮೀ. ಮಾತ್ರ.

ಪೆಟ್ಟಿಗೆ, ಬೀಜ, ಗೊಬ್ಬರ ಇವೆಲ್ಲದರ ಭಾರ ಟ್ರ್ಯಾಕ್ಟರಿನ ಹಿಂದಕ್ಕೆ ಚಾಚಿದಷ್ಟೂ ಮುಂದಿನ ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಪೆಟ್ಟಿಗೆಯನ್ನು ಉಳುಮೆಯ ಭಾಗದ ಮೇಲೆಯೇ, ಸಾಧ್ಯವಾದಷ್ಟು ಮುಂದಕ್ಕೆ ಇಡತಕ್ಕದ್ದು.

ಮಿತಿಗಳು ಮತ್ತು ಮಾರುಕಟ್ಟೆ

ಈ ಯಂತ್ರ ಎಲ್ಲ ಉಳುಮೆಗೂ ಬದಲಿಯಲ್ಲ. ಮಾಗಿ ಉಳುಮೆಯಿಂದ ಕಳೆ ಸಾಯುತ್ತದೆ, ಬೇಸಿಗೆಯ ಮಳೆ ಇಂಗುತ್ತದೆ. ಅದನ್ನು ಬಿಟ್ಟು ನೇರವಾಗಿ ಬಿತ್ತಿದರೆ ಕಳೆಯೂ ಪೈರೂ ಒಟ್ಟಿಗೆ ಏಳುತ್ತವೆ. ಬಿತ್ತನೆಗೆ ಮುಂಚಿನ ಕೊನೆಯ ಎರಡು ಮೂರು ಓಡಾಟಗಳನ್ನು ಮಾತ್ರ ಇದು ಉಳಿಸುತ್ತದೆಂದು ಮಾರಾಟಗಾರರು ಮೊದಲೇ ತಿಳಿಸಬೇಕು. ಧಾರವಾಡ, ವಿಜಯಪುರ ಕಡೆಯ ಎರೆ ಭೂಮಿಗೆ ಇದನ್ನು ಸಾಗಿಸುವ ಆತುರವೂ ಬೇಡ. ಹಸಿ ಎರೆಮಣ್ಣು ಒತ್ತುಚಕ್ರಕ್ಕೆ ಅಂಟಿ ಬೀಜವನ್ನೇ ಎಬ್ಬಿಸಿಬಿಡುತ್ತದೆ.

ವರ್ಷದಲ್ಲಿ ಕೆಲವೇ ವಾರ ಬಳಕೆಯಾಗುವ ಯಂತ್ರವನ್ನು ಸಣ್ಣ ಹಿಡುವಳಿದಾರರು ಸ್ವಂತಕ್ಕೆ ಕೊಳ್ಳುವುದು ವಿರಳ. 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು, ಬಾಡಿಗೆ ಟ್ರ್ಯಾಕ್ಟರ್ ಮಾಲೀಕರು ಹಾಗೂ ರೈತ ಉತ್ಪಾದಕ ಸಂಸ್ಥೆಗಳೇ ನಿಜವಾದ ಗ್ರಾಹಕರು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಶೇಂಗಾ ವರ್ತಕರಿಗೂ ಇದರಲ್ಲಿ ಆಸಕ್ತಿ ಇರಬೇಕಾದುದು ಸಹಜ. ಬಿತ್ತನೆ ಹದ ತಪ್ಪಿದ ವರ್ಷ ಮಂಡಿಗೆ ಬರುವ ಕಾಯಿಯೂ ಕಡಿಮೆಯಾಗುತ್ತದೆ.

ಸಹಾಯಧನದ ಯೋಜನೆಗಳಡಿ ಮಾರಲು ಬಯಸುವ ತಯಾರಕರು ಅಧಿಕೃತ ಪರೀಕ್ಷಾ ವರದಿ ಪಡೆಯಬೇಕಾಗುತ್ತದೆ. ದಕ್ಷಿಣ ವಲಯದ ಕೇಂದ್ರೀಯ ಪರೀಕ್ಷಾ ಸಂಸ್ಥೆಯು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. 8432ನೇ ಶೀರ್ಷಿಕೆಯಡಿ ಬರುವ ಉಳುಮೆ ಹಾಗೂ ಬಿತ್ತನೆ ಯಂತ್ರಗಳ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇವುಗಳ ಮುಖ್ಯ ಕಚ್ಚಾವಸ್ತುವಾದ ಉಕ್ಕಿಗೆ ಶೇ. 18 ತೆರಿಗೆಯಿದೆ. ಹೀಗಾಗಿ ಖರೀದಿಯ ಮೇಲೆ ತೆತ್ತ ತೆರಿಗೆಯ ಜಮೆ ಪುಸ್ತಕದಲ್ಲಿಯೇ ಉಳಿದು ದುಡಿಮೆಯ ಬಂಡವಾಳ ಕಟ್ಟಿಬೀಳುತ್ತದೆ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 54(3)ನೇ ಪ್ರಕರಣದಡಿ ಇದರ ಮರುಪಾವತಿ ಕೋರಲು ಅವಕಾಶವಿದೆ. ಆದರೆ ಲೇಥ್, ವೆಲ್ಡಿಂಗ್ ಯಂತ್ರ ಮುಂತಾದ ಬಂಡವಾಳ ಸರಕುಗಳ ಮೇಲಿನ ಮತ್ತು ಸೇವೆಗಳ ಮೇಲಿನ ತೆರಿಗೆ ಈ ಮರುಪಾವತಿಗೆ ಒಳಪಡದು. ಎರಡು ವರ್ಷಗಳ ಕಾಲಮಿತಿಯೂ ಇದೆ. ಮುಂಗಾರಿಗೆ ಮುಂಚಿತವಾಗಿ ಉಕ್ಕು ಖರೀದಿಸಿ ಯಂತ್ರ ಸಿದ್ಧಪಡಿಸುವ ಘಟಕಗಳು ತಮ್ಮ ಲೆಕ್ಕ ಪರಿಶೋಧಕರೊಡನೆ ಈ ಅರ್ಜಿಯ ಬಗ್ಗೆ ಬೇಸಿಗೆಯಲ್ಲಿಯೇ ಸಮಾಲೋಚಿಸುವುದು ಒಳಿತು.